ದೋಣಿಕೋಣೆಗೆ ಬಂದ ಬೆದರುಗೊಂಬೆ

ಡೆಲ್‌ರಾಯ್
ಜೂನ್ 9

ಪ್ರೀತಿಯ ಮಾರ್ನಿ,

ಈ ಕಾಗದ ನಿನ್ನ ಕೈ ಸೇರುತ್ತದೋ ಇಲ್ಲವೋ ತಿಳಿಯದು. ನೀನು ಹ್ಯಾಟಿಯನ್ನು ಕರೆದುಕೊಂಡು ಮೊದಲು ತಂಗಿದ್ದ ಹೆಂಗಸರ ಆಶ್ರಯಮನೆಗೆ ಫೋನ್ ಮಾಡಿದ್ದೆ. ಅಲ್ಲಿನ ಹುಡುಗಿ, "ಅವರೀಗ ಎಲ್ಲಿದಾರೆ ಅಂತ ಹೇಳೋ ಹಾಗಿಲ್ಲಮ್ಮ. ಇಲ್ಲಿಗೆ ಕಾಗದ ಹಾಕಿ, ಮುಟ್ಟಿಸ್ತೀವಿ. ಉತ್ತರ ಬರೆಯೋದು ಬಿಡೋದು ಅವರಿಷ್ಟ" ಎಂದಳು.

ಲೈಲ್‌ಗೆ ಬಿಡುಗಡೆಯಾಗಿದೆ. ಜೈಲಿನಿಂದ ನೇರವಾಗಿ ಇಲ್ಲಿಗೇ ಬಂದ. ನನ್ನ ಮಗನ ಸುದ್ದಿ ನಿನಗೆ ಬೇರೆ ಯಾರಿಂದಲೋ ತಿಳಿಯಬಾರದು ಎಂದು ಬರೆಯುತ್ತಿದ್ದೇನೆ. ಮರದ ಮಿಲ್ಲಿನಲ್ಲಿ ಕೆಲಸ ಸಿಕ್ಕಿದೆ. ತುಂಬ ಸೊರಗಿದ್ದಾನೆ. ಉಂಡ ತಟ್ಟೆಯನ್ನು ತಾನೇ ತೊಳೆದಿಡುತ್ತಾನೆ. ಬಂದ ದಿನ, "ಹ್ಯಾಟಿ ಎಲ್ಲಿದಾಳಮ್ಮ?" ಎಂದ. ಗೊತ್ತಿಲ್ಲ ಎಂದೆ. ಅದು ನಿಜವೂ ಹೌದು. ನಾಲ್ಕು ವರ್ಷದ ಹಿಂದೆ ಆ ಮುಂಜಾನೆ ನಿಮ್ಮಿಬ್ಬರನ್ನು ಬಸ್ಸಿನ ಹತ್ತಿರ ಇಳಿಸಿದಾಗ ಎಲ್ಲಿಗೆ ಹೋಗುತ್ತೀರೆಂದು ನಾನು ಕೇಳಿರಲಿಲ್ಲ. ಕಾರು ಓಡಿಸಿದ್ದು ಯಾರೆಂದು ಅವನಿಗೆ ಇಂದಿಗೂ ಗೊತ್ತಿಲ್ಲ.

ಆಮೇಲೆ ಅವನು ಒಮ್ಮೆಯೂ ಕೇಳಿಲ್ಲ. ಕೇಳದೆ ಇರುವುದೇ ನನಗೆ ಹೆಚ್ಚು ಭಯ.

ನಿನ್ನ ವಿಳಾಸ ನನಗೆ ಬೇಡ. ಮಗುವಿನ ಒಂದು ಫೋಟೋ ಸಿಕ್ಕಿದರೆ ಸಾಕು. ಬರೆಯುವುದಾದರೆ ಬರ್ನಿಸ್ ಮನೆಗೆ ಬರಿ. ಚರ್ಚಿನಲ್ಲಿ ನನ್ನ ಪಕ್ಕದಲ್ಲಿ ಹಾಡುತ್ತಿದ್ದಳಲ್ಲ, ಅದೇ ಬರ್ನಿಸ್. ನಮ್ಮ ಮನೆಯ ಪೆಟ್ಟಿಗೆಯಿಂದ ಟಪಾಲು ತೆಗೆಯುವವನು ಈಗ ಲೈಲ್.

ನಿನ್ನ,
ವರ್ನಾ

*

ಜುಲೈ 2

ವರ್ನಾ ಅವರಿಗೆ,

ಬಿಡುಗಡೆಯ ವಿಷಯ ಕೋರ್ಟಿನಿಂದ ತಿಳಿದಿತ್ತು. ನಮ್ಮಿಬ್ಬರ ಹತ್ತಿರ ಅವನು ಸುಳಿಯಬಾರದೆಂಬ ಆದೇಶ ಇನ್ನೂ ಇದೆ. ನೀವು ಅದನ್ನು ಅವನಿಗೆ ನೆನಪಿಸುವುದು ಬೇಡ. ನನ್ನ ಹೆಸರನ್ನೇ ಎತ್ತಬೇಡಿ.

ಫೋಟೋ ಕಳಿಸಲಾರೆ. ಫೋಟೋ ಎಂದರೆ ಹಿಂದೊಂದು ಗೋಡೆ ಇರುತ್ತದೆ, ಕಿಟಕಿ ಇರುತ್ತದೆ, ಕಿಟಕಿಯಾಚೆ ಬೀದಿ ಇರುತ್ತದೆ. ಹ್ಯಾಟಿಗೆ ಎಂಟು ತುಂಬಿತು. ಮುಂದಿನ ಹಲ್ಲು ಬಂದಿವೆ. ಉದ್ದವಾಗಿದ್ದಾಳೆ. ಊಟಕ್ಕೆ ಕೂತಾಗ ಪುಸ್ತಕ ಕಿತ್ತುಕೊಳ್ಳಬೇಕು. ಶಾಲೆಯಲ್ಲಿ ಯಾರಾದರೂ ಅಪ್ಪನ ವಿಷಯ ಕೇಳಿದರೆ ಮಾತು ಬದಲಾಯಿಸಲು ಕಲಿತಿದ್ದಾಳೆ. ನಾನೇ ಕಲಿಸಿದ್ದು.

ಆ ಮುಂಜಾನೆ ನೀವು ಕಾರು ತೆಗೆಯದಿದ್ದರೆ ಇವತ್ತು ಈ ಕಾಗದ ಬರೆಯಲು ನಾನು ಇರುತ್ತಿರಲಿಲ್ಲ. ಅದನ್ನು ಮರೆತಿಲ್ಲ. ಆದರೆ ಅವನು ನಿಮ್ಮ ಮಗ. ಅದನ್ನೂ ನಾನು ಮರೆಯುವ ಹಾಗಿಲ್ಲ.

ಮಾರ್ನಿ

*

ಡೆಲ್‌ರಾಯ್
ಆಗಸ್ಟ್ 14

ಪ್ರೀತಿಯ ಮಾರ್ನಿ,

ಫೋಟೋ ಬೇಡ ಬಿಡು. ನೀನು ಹೇಳಿದ್ದು ಸರಿ. ಹಲ್ಲಿನ ವಿಷಯ ಬರೆದೆಯಲ್ಲ, ಅದನ್ನೇ ಬರ್ನಿಸ್ ಕೈಲಿ ಎಷ್ಟೋ ಸಲ ಓದಿಸಿಕೊಂಡೆ. ಕಾಗದವನ್ನು ಮನೆಗೆ ತರಲಿಲ್ಲ.

ನಾನು ಫೋಟೋ ಕೇಳಿದ್ದಕ್ಕೆ ಕಾರಣವಿದೆ. ನನ್ನ ಕಣ್ಣು ಹೋಗುತ್ತಿದೆ. ಪೂರ್ತಿ ಕತ್ತಲಲ್ಲ, ನಡುವಿನದು ಮಾತ್ರ. ಎದುರಿಗೆ ನಿಂತವರ ಕೋಟು ಕಾಣುತ್ತದೆ, ಟೋಪಿ ಕಾಣುತ್ತದೆ, ಮುಖ ಇರಬೇಕಾದ ಕಡೆ ಮಸಿ ಬಳಿದ ಹಾಗೆ. ಪಕ್ಕದಲ್ಲಿರುವುದು ಮಾತ್ರ ಇನ್ನೂ ಚೆನ್ನಾಗಿ ಕಾಣುತ್ತದೆ. ಚಳಿಗಾಲದ ಹೊತ್ತಿಗೆ ಅದೂ ಕಡಿಮೆಯಾಗಬಹುದು ಎಂದರು ಡಾಕ್ಟರು. ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದವನು ಲೈಲೇ. ದಾರಿಯುದ್ದಕ್ಕೂ ಕೈ ಹಿಡಿದಿದ್ದ. ಕಾಯುವ ಕೋಣೆಯಲ್ಲಿ ಒಬ್ಬ ಹೆಂಗಸು, "ಇಂಥ ಮಗ ಸಿಗೋಕೆ ಪುಣ್ಯ ಮಾಡಿರ್ಬೇಕು" ಎಂದಳು. ಹೌದು ಎಂದೆ.

ಅವನು ಬದಲಾಗಿದ್ದಾನೆ ಎಂದು ಬರೆಯಬೇಕೆಂದು ಈ ಕಾಗದಕ್ಕೆ ಕೂತಿದ್ದೆ. ಕುಡಿಯುವುದಿಲ್ಲ, ದನಿ ಏರಿಸುವುದಿಲ್ಲ. ಆದರೆ ಹೋದ ವಾರ ಬಟ್ಟೆ ಒಗೆಯುವ ಮೆಷಿನ್ನಿನ ಹಿಂದೆ ಹ್ಯಾಟಿಯ ಒಂದು ಕೈಗವಸು, ಚಳಿಗೆ ಹಾಕುವ ಆ ಕೆಂಪು ಉಣ್ಣೆಯದು, ಅವನಿಗೆ ಸಿಕ್ಕಿತು. ಊಟದ ಮೇಜಿನ ಮೇಲೆ ಇಟ್ಟುಕೊಂಡು ಕೂತ. ಕತ್ತಲಾದರೂ ದೀಪ ಹಾಕಲಿಲ್ಲ. "ಇದು ಈಗ ಅವಳಿಗೆ ಆಗಲ್ಲ ಅಲ್ವಾಮ್ಮ?" ಎಂದ. ಇಲ್ಲ ಎಂದೆ. "ನಿಂಗೆ ಹೇಗೆ ಗೊತ್ತು?" ಎಂದ.

ಎಂಟು ವರ್ಷದ ಮಗುವಿನ ಕೈ ಎಷ್ಟಿರುತ್ತದೆಂದು ಯಾರಿಗಾದರೂ ಗೊತ್ತಿರುತ್ತದೆ ಕಣೋ ಎಂದು ನಕ್ಕೆ. ಅವನು ನಗಲಿಲ್ಲ.

ಬದಲಾಗಿದ್ದಾನೆ ಎಂದು ಬರೆಯಲಾರೆ. ಬದಲಾಗಿಲ್ಲ ಎಂದು ಬರೆಯಲು ಕೈ ಬರುವುದಿಲ್ಲ.

ನಿನ್ನ,
ವರ್ನಾ

*

ಸೆಪ್ಟೆಂಬರ್ 25

ವರ್ನಾ ಅವರಿಗೆ,

ಇಷ್ಟು ದಿನ ಯೋಚಿಸಿದೆ. ಆಶ್ರಯಮನೆಯವರು ಬೇಡವೇ ಬೇಡ ಎಂದರು. ಅವರ ಮಾತು ಮೀರಿ ಬರೆಯುತ್ತಿದ್ದೇನೆ.

ನಾವು ಇರುವುದು ಕಾಲ್ಡರ್ ಬೇ ಎಂಬ ಊರಿನಲ್ಲಿ, ಸುಪೀರಿಯರ್ ಸರೋವರದ ದಡದಲ್ಲಿ. ನಿಮ್ಮಲ್ಲಿಂದ ಬಸ್ಸಿನಲ್ಲಿ ಅರ್ಧ ದಿನದ ದಾರಿ. ಇಲ್ಲಿ ಮೀನುಗಾರರ ಹಳೆಯ ಗೋದಾಮೊಂದು ಮ್ಯೂಸಿಯಂ ಆಗಿದೆ. ಅಲ್ಲಿ ಮಕ್ಕಳ ಕಾರ್ಯಕ್ರಮಗಳನ್ನು ನಾನು ನೋಡಿಕೊಳ್ಳುತ್ತೇನೆ. ಅಕ್ಟೋಬರ್ ಕೊನೆಯ ಶನಿವಾರ ಮಧ್ಯಾಹ್ನ ಮನೆಮಂದಿಗೆಲ್ಲ ಹ್ಯಾಲೊವೀನ್ ಹಬ್ಬ. ಸುತ್ತಲಿನ ಊರುಗಳ ಮಕ್ಕಳು ವೇಷ ಹಾಕಿಕೊಂಡು ಬರುತ್ತಾರೆ. ಅಂಗಳದಲ್ಲಿ ಕುಂಬಳಕಾಯಿ ಕೆತ್ತುವುದು, ಸೇಬಿನ ಬಿಸಿ ರಸ, ಹುಲ್ಲುಕಟ್ಟು ಪೇರಿಸಿ ದಾರಿ ತಪ್ಪಿಸುವ ಆಟ. ಆ ಹುಲ್ಲಿನ ನಡುವೆ ಗೋಣಿಚೀಲದ ಮುಸುಕು ಹಾಕಿಕೊಂಡು ಶಾಲೆಯ ಮೇಷ್ಟ್ರು ಓಬರ್ಗ್ ಬೆದರುಗೊಂಬೆಯಾಗಿ ನಿಲ್ಲುತ್ತಾರೆ. ಒಳಗೆ ಒಂದೊಂದು ಕೋಣೆಯಲ್ಲೂ ಹಳೆಕಾಲದ ಉಡುಪಿನಲ್ಲಿ ಒಬ್ಬೊಬ್ಬರು ಕೂತು ಮಕ್ಕಳ ಚೀಲಕ್ಕೆ ಮಿಠಾಯಿ ಹಾಕುತ್ತಾರೆ. ಹಳೆಯ ಮೀನುದೋಣಿ ಇಟ್ಟಿರುವ ದೋಣಿಕೋಣೆಗೆ ಇನ್ನೂ ಯಾರೂ ಸಿಕ್ಕಿಲ್ಲ. ನೀವು ಕೂರಬಹುದು.

ಎಲ್ಲ ಮಕ್ಕಳೂ ನಿಮ್ಮ ಹತ್ತಿರ ಬರುತ್ತಾರೆ. ಹ್ಯಾಟಿಯೂ ಬರುತ್ತಾಳೆ, ಗೂಬೆಯ ವೇಷದಲ್ಲಿ. ನೀವು ಯಾರೆಂದು ಅವಳಿಗೆ ನಾನು ಹೇಳಿರುವುದಿಲ್ಲ. ನೀವೂ ಹೇಳಬಾರದು. ಎಲ್ಲ ಸರಿಹೋದರೆ ಸಂಜೆ ನಮ್ಮ ಮನೆಯ ಊಟದ ಹೊತ್ತಿಗೆ ನಾನೇ ಹೇಳುತ್ತೇನೆ.

ಈ ವರ್ಷ ಒಂದು ಹೊಸ ನಿಯಮ ಮಾಡಿಸಿದ್ದೇನೆ. ಓಬರ್ಗ್ ಮೇಷ್ಟ್ರೊಬ್ಬರನ್ನು ಬಿಟ್ಟು ದೊಡ್ಡವರೆಲ್ಲ ಗೇಟಿನಲ್ಲೇ ಮುಖವಾಡ ತೆಗೆಯಬೇಕು. ಮ್ಯೂಸಿಯಮ್ಮಿನ ಮುಖ್ಯಸ್ಥೆ ಶ್ರೀಮತಿ ಹಾಲ್ವರ್‌ಸನ್‌ಗೆ ಇದು ಇಷ್ಟವಿರಲಿಲ್ಲ. "ವರ್ಷಕ್ಕೊಂದು ದಿನ ದೊಡ್ಡವರೂ ಹುಚ್ಚರಾಗ್ಲಿ ಬಿಡೇ, ನಿಂದೇನು ಗಂಟು ಹೋಗುತ್ತೆ?" ಎಂದರು. ಕಾರಣ ಹೇಳಿದೆ. ಈ ಊರಿನಲ್ಲಿ ಅದನ್ನು ನಾನು ಮೊದಲ ಸಲ ಹೇಳಿದ್ದು ಅವರಿಗೇ. ಆಮೇಲೆ ಅವರೇ ದಪ್ಪ ಅಕ್ಷರದಲ್ಲಿ ಬೋರ್ಡು ಬರೆದರು.

ಬರ್ನಿಸ್ ಜೊತೆ ಬನ್ನಿ. ಇದನ್ನು ಓದಿ ಸುಟ್ಟುಬಿಡಿ.

ಮಾರ್ನಿ

*

ಡೆಲ್‌ರಾಯ್
ಅಕ್ಟೋಬರ್ 19

ಪ್ರೀತಿಯ ಮಾರ್ನಿ,

ಸುಟ್ಟೆ. ಬರ್ನಿಸ್ ಮನೆಯ ಒಲೆಯಲ್ಲಿ, ಅವಳ ಎದುರಿಗೇ.

ಬರುತ್ತೇನೆ. ದೊಡ್ಡ ಊರಿನ ಕಣ್ಣಿನ ಆಸ್ಪತ್ರೆಯಲ್ಲಿ ಇನ್ನೊಬ್ಬ ಡಾಕ್ಟರಿಗೆ ತೋರಿಸಬೇಕು, ರಾತ್ರಿ ಬರ್ನಿಸ್‌ಳ ತಂಗಿಯ ಮನೆಯಲ್ಲಿ ಉಳಿಯುತ್ತೇವೆ ಎಂದು ಲೈಲ್‌ಗೆ ಹೇಳಿದ್ದೇನೆ. "ನಾನೇ ಬಿಡ್ತೀನಮ್ಮ" ಎಂದ. ಮಿಲ್ಲಿಗೆ ರಜೆ ಹಾಕಬೇಡ ಎಂದೆ. "ಶನಿವಾರವೂ ಆ ಡಾಕ್ಟರು ನೋಡ್ತಾರಾ?" ಎಂದ. ನೋಡುತ್ತಾರಂತೆ ಎಂದೆ. ನಿನ್ನೆ ನನ್ನ ಪೆಟ್ಟಿಗೆಯ ಕಿತ್ತುಹೋದ ಹಿಡಿಯನ್ನು ತಾನಾಗಿಯೇ ಸರಿ ಮಾಡಿಕೊಟ್ಟ.

ಒಮ್ಮೊಮ್ಮೆ ಅನಿಸುತ್ತದೆ, ಬೇಡ ಎಂದು ಬರೆದುಬಿಡಲೇ? ಬರೆದು ಹರಿದೆ. ಹ್ಯಾಟಿಗೆ ನೆಗಡಿ ಇದ್ದರೆ ಗೂಬೆಯ ರೆಕ್ಕೆಯ ಒಳಗೆ ಬೆಚ್ಚಗಿನದೇನಾದರೂ ತೊಡಿಸು.

ನಿನ್ನ,
ವರ್ನಾ

*

ಕಾಲ್ಡರ್ ಬೇ
ನವೆಂಬರ್ 3

ವರ್ನಾ ಅವರಿಗೆ,

ಊರಿನ ಹೆಸರು ಮೇಲೆ ಬರೆದಿದ್ದೇನೆ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ನನಗೆ ಒಂದೇ ಒಂದು ವಿಷಯ ತಿಳಿಯಬೇಕು. ಅವನಿಗೆ ನೀವು ಹೇಳಿದಿರಾ?

ನಾನು ಕಂಡದ್ದನ್ನು ಬರೆಯುತ್ತೇನೆ. ದೋಣಿಕೋಣೆಯ ಮೇಲೆ ಸುತ್ತಲೂ ಮರದ ಕಟಕಟೆಯ ಬಾಲ್ಕನಿ ಇದೆ. ಅಲ್ಲಿ ನಾನು ದೊಡ್ಡ ದೀಪದ ಹಿಂದಿನ ಕತ್ತಲಲ್ಲಿ ನಿಂತು ಮಕ್ಕಳಿಗೆ ಹಡಗು ಮುಳುಗಿದ ಕಥೆ ಹೇಳುತ್ತಿದ್ದೆ. ನಡುನಡುವೆ ಕೆಳಗೆ ನಿಮ್ಮನ್ನು ನೋಡುತ್ತಿದ್ದೆ. ಹ್ಯಾಟಿ ನಿಮ್ಮ ಹತ್ತಿರ ಬಂದಳು, ಹೋದಳು, ಮತ್ತೆ ಬಂದಳು. ನೀವು ಏನೋ ಕೇಳಿದಿರಿ, ಅವಳು ನಕ್ಕಳು. ಬರೆದದ್ದು ಒಳ್ಳೆಯದಾಯಿತು, ನಾಲ್ಕು ವರ್ಷದಲ್ಲಿ ಮೊದಲ ಸಲ ಒಂದು ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡೆ.

ಆಮೇಲೆ ಬೆದರುಗೊಂಬೆ ಹಿಂಬಾಗಿಲಿನಿಂದ ಒಳಗೆ ಬಂತು. ಮಕ್ಕಳ ಸಾಲಿನಲ್ಲಿ ನಿಂತಿತು. ತನ್ನ ಸರದಿ ಬಂದಾಗ ಕೈ ಚಾಚಿತು. ಎಲ್ಲರೂ ನಕ್ಕರು, ನಾನೂ ನಕ್ಕೆ. ನಿಮ್ಮ ಪಕ್ಕ ಬೆಂಚಿನ ಮೇಲೆ ಕೂತಿತು. ನೀವು ಅದರ ಕೈ ಹಿಡಿದುಕೊಂಡಿರಿ.

ಆಗ ನನ್ನ ಹಿಂದಿನಿಂದ ಓಬರ್ಗ್ ಮೇಷ್ಟ್ರು, "ಮಾರ್ನಿ, ನನ್ನ ಗೋಣಿಚೀಲ ನೋಡಿದ್ಯಾ? ಬೇಲಿ ಮೇಲೆ ಹಾಕಿ ಒಂದು ಲೋಟ ಕುಡಿದು ಬರೋಷ್ಟರಲ್ಲಿ ಯಾರೋ ಹೊಡೆದುಬಿಟ್ಟಿದ್ದಾರೆ" ಎಂದರು.

ಮೆಟ್ಟಿಲ ಕಡೆ ಓಡಿದೆ. ಮೆಟ್ಟಿಲ ತುಂಬ ಮಕ್ಕಳು, ಎಳೆಕೂಸು ಎತ್ತಿಕೊಂಡ ತಾಯಂದಿರು. ಅವರನ್ನೆಲ್ಲ ಸರಿಸಿ ಕೆಳಗೆ ಬರುವ ಹೊತ್ತಿಗೆ ನೀವು ಎದ್ದು ಅವನ ತೋಳಿಗೆ ತೋಳು ಸೇರಿಸಿ ಹಿಂಬಾಗಿಲಿನಿಂದ ಹೋಗುತ್ತಿದ್ದಿರಿ. ಯಾರೂ ನಿಮ್ಮನ್ನು ಎಳೆಯಲಿಲ್ಲ. ನೀವೇ ಮುಂದೆ ನಡೆದಿರಿ. ಒಮ್ಮೆಯೂ ತಿರುಗಿ ನೋಡಲಿಲ್ಲ.

ಹ್ಯಾಟಿಯನ್ನು ಆಫೀಸು ಕೋಣೆಗೆ ಎಳೆದೊಯ್ದು ಬೀಗ ಹಾಕಿದೆವು. ಶ್ರೀಮತಿ ಹಾಲ್ವರ್‌ಸನ್ ಬಾಗಿಲಿಗೆ ಮೇಜು ಅಡ್ಡ ತಳ್ಳಿ ಅದರ ಮೇಲೆ ತಾವೇ ಕೂತರು. ಅವನನ್ನು ಪೊಲೀಸರು ಹಿಡಿದದ್ದು ಸೇತುವೆಯ ಹತ್ತಿರ. ಊರು ಬಿಟ್ಟು ಹೋಗುವಾಗ ಅಲ್ಲ, ಊರಿಗೆ ವಾಪಸ್ಸು ಬರುವಾಗ. ಟ್ರಕ್ಕಿನಲ್ಲಿ ಒಬ್ಬನೇ ಇದ್ದ. ನೀವು ಎಲ್ಲಿ ಇಳಿದುಕೊಂಡಿರೋ ನನಗೆ ಗೊತ್ತಿಲ್ಲ. ಬರ್ನಿಸ್ ನಿಮ್ಮನ್ನು ಹುಡುಕುತ್ತ ಅಂಗಳದಲ್ಲೆಲ್ಲ ಅಳುತ್ತ ಓಡಾಡಿದರು. ಆಮೇಲೆ ಅವರೂ ಕಾಣಲಿಲ್ಲ.

ನಮ್ಮ ಬಟ್ಟೆಬರೆ ಪೆಟ್ಟಿಗೆಗೆ ತುಂಬಿದ್ದೇನೆ. ಹ್ಯಾಟಿ ತನ್ನ ಪುಸ್ತಕಗಳನ್ನು ತಾನೇ ಜೋಡಿಸಿಕೊಂಡಳು.

ಮಾರ್ನಿ

*

ಡೆಲ್‌ರಾಯ್
ನವೆಂಬರ್ 18

ಮಾರ್ನಿ,

ಅಕ್ಷರ ಬರ್ನಿಸ್‌ಳದು, ಮಾತು ನನ್ನದು. ಬಲಗೈಗೆ ಪಟ್ಟಿ ಹಾಕಿದ್ದಾರೆ.

ನಾನು ಹೇಳಲಿಲ್ಲ. ಅವನು ಕಣ್ಣಿನ ಆಸ್ಪತ್ರೆಗೆ ಫೋನ್ ಮಾಡಿ ನನ್ನ ಹೆಸರು ಕೇಳಿದ್ದಾನೆ. ಅಂಥವರು ಯಾರೂ ಬರುವುದಿಲ್ಲ ಎಂದಿದ್ದಾರೆ. ಶನಿವಾರ ಬೆಳಿಗ್ಗೆ ನನ್ನನ್ನು ಬಸ್ಸು ಹತ್ತಿಸಿ, ಮುತ್ತಿಟ್ಟು, ಬಸ್ಸಿನ ಹಿಂದೆಯೇ ಬಂದಿದ್ದಾನೆ. ಗೇಟಿನಲ್ಲಿ ಜನರಿದ್ದರೆಂದು ಸರೋವರದ ಕಡೆಯ ಬೇಲಿ ಹಾರಿದನಂತೆ.

ಬೆಂಚಿನ ಮೇಲೆ ಏನು ನಡೆಯಿತೆಂದು ನಿನಗೆ ಮೇಲಿನಿಂದ ಕೇಳಿಸಿರಲಾರದು. ಚಾಚಿದ ಕೈಗೆ ಮಿಠಾಯಿ ಹಾಕಿದೆ. ಕೈ ಸರಿಯಲಿಲ್ಲ. "ಕಣ್ಣಿನ ಡಾಕ್ಟರ ಹತ್ರ ಇಷ್ಟೊಂದು ಮಕ್ಕಳಾಮ್ಮ?" ಎಂದ. ಪಕ್ಕದಲ್ಲಿ ಕೂತ. "ಯಾವುದು ನನ್ನದು?" ಎಂದ.

ಅವನಿಗೆ ಗೊತ್ತಾಗಿರಲಿಲ್ಲ ಮಾರ್ನಿ. ಹೆಚ್ಚಿನ ಮಕ್ಕಳು ಮುಖ ಮುಚ್ಚಿಕೊಂಡಿದ್ದವು, ಅವಳನ್ನು ಅವನು ಕಂಡು ನಾಲ್ಕು ವರ್ಷ. ಹ್ಯಾಟಿ ನನ್ನ ಎಡಕ್ಕೆ, ದೋಣಿಯ ಅಂಚಿಗೆ ಒರಗಿ ಕೂತು ಮಿಠಾಯಿ ಎಣಿಸುತ್ತಿದ್ದಳು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ನನಗೆ ಪಕ್ಕದ್ದು ಕಾಣುತ್ತದೆ. ಮುಖವಾಡವನ್ನು ಹಣೆಗೆ ಏರಿಸಿಕೊಂಡಿದ್ದಳು. ಕೆನ್ನೆ ಕಾಣುತ್ತಿತ್ತು, ಕಿವಿ ಕಾಣುತ್ತಿತ್ತು. ಅವಳನ್ನು ನೋಡಲೆಂದೇ ಅಷ್ಟು ದೂರ ಬಂದವಳು ಆ ಕಡೆ ಕತ್ತು ಹೊರಳಿಸಲಿಲ್ಲ. ಅವನು ನನ್ನ ಕತ್ತನ್ನೇ ನೋಡುತ್ತಿದ್ದ.

"ನಂಗೆಲ್ಲಿ ಕಣ್ಣು ಕಾಣುತ್ತೋ? ಎಲ್ಲ ಒಂದೇ ಥರ" ಎಂದೆ.

"ಸುಳ್ಳು ಹೇಳ್ಬೇಡಮ್ಮ. ಒಬ್ಬೊಬ್ಬರದೇ ಮುಖವಾಡ ಎತ್ತಿ ನೋಡ್ಲಾ?"

ನಾನು ಅವನ ಕೈ ಹಿಡಿದುಕೊಂಡೆ. "ಅವರು ಈ ಊರಲ್ಲಿಲ್ಲ. ಇವತ್ತು ಇಲ್ಲಿಗೆ ಬರ್ತೀನಿ ಅಂದಿದ್ಲು, ಬರಲಿಲ್ಲ. ಮುಂದಿನ ಊರಲ್ಲಿ ಮನೆ ಮಾಡಿದಾಳೆ, ನಂಗೆ ಗೊತ್ತು. ಬಾ, ತೋರಿಸ್ತೀನಿ" ಎಂದೆ.

ನಾನು ಯಾಕೆ ಕೂಗಲಿಲ್ಲ ಎಂದು ಕೇಳಬಹುದು. ಅವನ ಕೋಟಿನ ಜೇಬಿನಲ್ಲಿದ್ದ ಏನೋ ಗಟ್ಟಿಯಾದದ್ದು ನನ್ನ ಪಕ್ಕೆಗೆ ತಾಗುತ್ತಿತ್ತು. ಅದೇನೆಂದು ಪೊಲೀಸರು ನಿನಗೆ ಹೇಳಿರಬಹುದು. ನಾನು ಕೇಳಿಲ್ಲ. ಕೋಣೆಯ ತುಂಬ ಮಕ್ಕಳು.

ಟ್ರಕ್ಕಿನಲ್ಲಿ ಸರೋವರದ ದಂಡೆಯ ರಸ್ತೆ ಹಿಡಿಸಿದೆ. ಮುಂದೆ ಹೋಗು, ಇನ್ನೂ ಮುಂದೆ, ಬಿಳಿ ಚರ್ಚಿನ ಹತ್ತಿರ ಎಡಕ್ಕೆ ಎನ್ನುತ್ತ ಹೋದೆ. ಚರ್ಚು ಎಲ್ಲಿಂದ ಬರಬೇಕು? ಅದನ್ನು ಕಟ್ಟಿದವಳು ನಾನೇ. ಆಲಿಕಲ್ಲು ಬೀಳುತ್ತಿತ್ತು. ಕೊನೆಗೆ ಅವನು ಟ್ರಕ್ ನಿಲ್ಲಿಸಿದ. "ಅವತ್ತು ಕಾರು ಓಡಿಸಿದ್ದು ನೀನೇ ಅಲ್ವಾ?" ಎಂದ.

ಹೌದು ಎಂದೆ. ಅವನಿಗೆ ಇನ್ನೊಂದು ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ.

ನನ್ನನ್ನು ಅಲ್ಲೇ ಇಳಿಸಿ ಟ್ರಕ್ ತಿರುಗಿಸಿಕೊಂಡು ಹೋದ. ರಸ್ತೆಯ ಪಕ್ಕದ ಬೇಲಿತಂತಿ ಹಿಡಿದುಕೊಂಡು ನಡೆದೆ. ಹಾಲಿನ ಲಾರಿಯವನು ಕಂಡು ಹತ್ತಿಸಿಕೊಂಡ. ಆಸ್ಪತ್ರೆಯಲ್ಲಿ ನರ್ಸು ಮಣಿಕಟ್ಟು ನೋಡಿ ಏನಾಯಿತೆಂದಳು. ಜಾರಿ ಬಿದ್ದೆ ಎಂದೆ. ಅವಳು ಕುರ್ಚಿ ಎಳೆದುಕೊಂಡು ಕೂತು ಇನ್ನೊಮ್ಮೆ ಕೇಳಿದಳು. ಆಗ ನಿಜ ಹೇಳಿದೆ. ಅವಳಿಗೆ ಹೇಳಿದೆ, ಪೊಲೀಸರಿಗೆ ಹೇಳಿದೆ, ಹೋದ ಸೋಮವಾರ ಜಡ್ಜಿಯ ಎದುರಿಗೆ ಅವನು ಕೇಳುತ್ತಿದ್ದ ಹಾಗೆಯೇ ಹೇಳಿದೆ. ಅವನು ನನ್ನನ್ನು ನೋಡಿದನೋ ಇಲ್ಲವೋ ಕಾಣಲಿಲ್ಲ. ಮುಖವಿದ್ದ ಕಡೆ ಮಸಿ.

ಸದ್ಯ ಬರ್ನಿಸ್ ಮನೆಯಲ್ಲಿದ್ದೇನೆ. ಅವನು ಮಲಗುತ್ತಿದ್ದ ಕೋಣೆಯ ಎದುರಿನಲ್ಲಿ ನನಗೆ ನಿದ್ದೆ ಬರುವುದಿಲ್ಲ. ಅವನು ಹುಟ್ಟಿದ ದಿನವೂ ಹೀಗೇ ಆಲಿಕಲ್ಲು ಬಿದ್ದಿತ್ತು ಎಂದು ಹೇಳಲು ಹೊರಟೆ. ಬರ್ನಿಸ್ ಪೆನ್ನು ಕೆಳಗಿಟ್ಟು ಕೂತಿದ್ದಾಳೆ. ಸಾಕು ಬಿಡು.

ನೀವು ಊರು ಬಿಡುವುದಾದರೆ ಎಲ್ಲಿಗೆಂದು ನನಗೆ ಬರೆಯಬೇಡ.

ವರ್ನಾ

*

ಕಾಲ್ಡರ್ ಬೇ
ಡಿಸೆಂಬರ್ 6

ಅಮ್ಮ,

ನಿಮ್ಮ ಕಾಗದ ಬಂದು ವಾರವಾಯಿತು. ದಿನವೂ ಬರೆಯಲು ಕೂತು ಏಳುತ್ತಿದ್ದೆ. ಹಿಂದಿನ ಕಾಗದದಲ್ಲಿ ಕೇಳಿದ್ದನ್ನು ಕೇಳಬಾರದಿತ್ತು. ಅಷ್ಟು ಮಾತ್ರ ಹೇಳಬಲ್ಲೆ.

ನಾವು ಊರು ಬಿಡುವುದಿಲ್ಲ. ನಿಮ್ಮ ಹೇಳಿಕೆ ಇರುವುದರಿಂದ ಅವನು ಸದ್ಯಕ್ಕೆ ಹೊರಗೆ ಬರಲಾರ ಎಂದು ಸರ್ಕಾರಿ ವಕೀಲರು ಹೇಳಿದರು. ಆದರೂ ಪೆಟ್ಟಿಗೆ ಬಿಚ್ಚಲು ನನಗೆ ಧೈರ್ಯವಿರಲಿಲ್ಲ. ಶ್ರೀಮತಿ ಹಾಲ್ವರ್‌ಸನ್ ಮನೆಗೇ ಬಂದು, "ಹೋಗೋನು ಅವನು ಹೋದ. ನೀನೆಲ್ಲಿಗೆ ಹೊರಟೆ? ಕ್ರಿಸ್‌ಮಸ್ ಕಾರ್ಯಕ್ರಮ ನಿನ್ನಜ್ಜಿ ಮಾಡ್ತಾಳಾ?" ಎಂದು ಬೈದು, ಬಟ್ಟೆಗಳನ್ನು ತಾವೇ ತೆಗೆದು ಬೀರುವಿನಲ್ಲಿ ಇಟ್ಟು ಹೋದರು. ಮಡಿಸಲು ಅವರಿಗೆ ಸರಿಯಾಗಿ ಬರುವುದಿಲ್ಲ. ಓಬರ್ಗ್ ಮೇಷ್ಟ್ರು ಮಾತ್ರ ಈಗಲೂ ನನ್ನನ್ನು ಕಂಡಾಗ ತಲೆ ತಗ್ಗಿಸುತ್ತಾರೆ. ನೀವೇನೂ ಮಾಡಲಿಲ್ಲ ಎಂದು ಎಷ್ಟು ಸಲ ಹೇಳಿದರೂ ಅಷ್ಟೇ.

ನಿನ್ನೆ ಸಂಜೆ ಹ್ಯಾಟಿಯನ್ನು ಎದುರಿಗೆ ಕೂರಿಸಿಕೊಂಡು ಎಲ್ಲ ಹೇಳಿದೆ. "ಆ ಬೆದರುಗೊಂಬೆ ಅಪ್ಪನಾ?" ಎಂದಳು. ಹೌದು ಎಂದೆ. ತಟ್ಟೆಯನ್ನು ಹಾಗೇ ಬಿಟ್ಟು ಎದ್ದು ಹೋದಳು. ನಾನು ಹಿಂದೆ ಹೋಗಲಿಲ್ಲ. ಇವತ್ತು ಬೆಳಿಗ್ಗೆ ಶಾಲೆಗೆ ಬೂಟು ಕಟ್ಟಿಕೊಳ್ಳುತ್ತಿದ್ದಾಗ ಹತ್ತಿರ ಕೂತು, ದೋಣಿಕೋಣೆಯಲ್ಲಿ ಮಿಠಾಯಿ ಕೊಟ್ಟವರು ನಿನ್ನ ಅಜ್ಜಿ ಎಂದೆ.

ಅವಳು ತಲೆ ಎತ್ತಲಿಲ್ಲ. ಲೇಸಿನ ಗಂಟು ಬಿಗಿದಳು, ಬಿಚ್ಚಿ ಇನ್ನೊಮ್ಮೆ ಬಿಗಿದಳು.

"ನಂಗೆ ಅವರ ದನಿ ಕೇಳಿ ಅವತ್ತೇ ಗೊತ್ತಾಯ್ತು" ಎಂದಳು. "ಅದಕ್ಕೇ ಅವರ ಹತ್ರಾನೇ ಕೂತಿದ್ದೆ. ಯಾರಿಗೂ ಏನೂ ಹೇಳ್ಬೇಡ ಅಂತೀಯಲ್ಲ, ಅದಕ್ಕೆ ಹೇಳಲಿಲ್ಲ."

ಶನಿವಾರದ ಬಸ್ಸಿಗೆ ಇಬ್ಬರೂ ಬರುತ್ತಿದ್ದೇವೆ. ಬರ್ನಿಸ್ ಅವರಿಗೆ ಹೇಳಿಡಿ.

ನಿಮ್ಮ,
ಮಾರ್ನಿ